ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣವನ್ನು ಯೋಜಿಸುವ ಬಗೆ

ದೈಹಿಕ ಶಿಕ್ಷಣದ ವಾರ್ಷಿಕ ಯೋಜನೆ ಬರೆಯಲು ಕುಳಿತವರು ಸಾಮಾನ್ಯವಾಗಿ ಆಟಗಳ ಪಟ್ಟಿಯಿಂದ ಆರಂಭಿಸುತ್ತಾರೆ; ಆದರೆ ಮೊದಲು ಹಾಕಬೇಕಾದದ್ದು, ಒಂದು ಅವಧಿಯಲ್ಲಿ ಪ್ರತಿಯೊಂದು ಮಗುವಿನ ಮೈ ಎಷ್ಟು ನಿಮಿಷ ದುಡಿಯುತ್ತದೆ ಎಂಬ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಪ್ರಮಾಣದ ಚಟುವಟಿಕೆ ಬೇಕು; ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯೂ ಇರಬೇಕು. ವಾರಕ್ಕೆ ಎರಡೋ ಮೂರೋ ಅವಧಿಗಳು ಇಷ್ಟನ್ನು ಪೂರೈಸಲಾರವು. ಹಾಗಾಗಿ ಸಿಕ್ಕ ಅವಧಿಯಲ್ಲಿ ಮಕ್ಕಳು ಚೆನ್ನಾಗಿ ಚಲಿಸಬೇಕು ಮತ್ತು ಶಾಲೆ ಬಿಟ್ಟ ಮೇಲೂ ಆಡಲು ಬೇಕಾದ ಕೌಶಲ, ಆಸೆ ಎರಡನ್ನೂ ಅಲ್ಲಿಂದ ಪಡೆದು ಹೋಗಬೇಕು.

ರಿಲೇ ಓಟವನ್ನೇ ನೋಡೋಣ. 40 ಮಕ್ಕಳನ್ನು ಹತ್ತು ಹತ್ತರಂತೆ 4 ಸಾಲುಗಳಲ್ಲಿ ನಿಲ್ಲಿಸಿ, ಒಬ್ಬೊಬ್ಬರೂ 20 ಸೆಕೆಂಡು ಓಡುವಂತೆ ಮಾಡಿದರೆ, ಪ್ರತಿ ಮಗುವೂ 20 ಸೆಕೆಂಡು ಓಡಿ 180 ಸೆಕೆಂಡು ಸುಮ್ಮನೆ ನಿಂತಿರುತ್ತದೆ. ದೂರದಿಂದ ನೋಡುವವರಿಗೆ ಮೈದಾನವೆಲ್ಲ ಗಲಗಲ ಎನ್ನುತ್ತಿರುತ್ತದೆ, ಹೆಚ್ಚಿನವರು ಮಾತ್ರ ಕಾಯುತ್ತಲೇ ಇರುತ್ತಾರೆ. ಅದೇ ಮಕ್ಕಳನ್ನು ನಾಲ್ಕು ನಾಲ್ವರ ಗುಂಪುಗಳಾಗಿ ಮಾಡಿ, ಸುಣ್ಣದ ಗೆರೆಗಳಿಂದ ಮೈದಾನವನ್ನು ಐದು ಅಂಕಣಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಎರಡೆರಡು ಗುಂಪುಗಳನ್ನು ಆಡಿಸಿದರೆ ಕಾಯುವವರೇ ಇರುವುದಿಲ್ಲ. ಚೆಂಡುಗಳು ಸಾಲದಿದ್ದರೆ ಬಟ್ಟೆಯನ್ನು ಸುತ್ತಿ ಕಟ್ಟಿದ ಉಂಡೆಗಳಿಂದಲೇ ಎಸೆತ ಮತ್ತು ಹಿಡಿತವನ್ನು ಕಲಿಸಬಹುದು. ಚಿಕ್ಕ ಮಕ್ಕಳ ಕೈಗೆ ಅವೇ ಹೆಚ್ಚು ಹಿತ.

ವರ್ಷವನ್ನು ನಾಲ್ಕರಿಂದ ಆರು ವಾರಗಳ ಘಟಕಗಳಾಗಿ ವಿಂಗಡಿಸಿ, ಒಂದೊಂದು ಘಟಕಕ್ಕೂ ಒಂದೆರಡು ಗುರಿಗಳನ್ನಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಕಿರಿಯ ತರಗತಿಗಳಲ್ಲಿ ಓಟ, ನೆಗೆತ, ಎಸೆತ, ಹಿಡಿತ, ಒದೆತ, ಸಮತೋಲನಗಳೇ ಪಾಠವಾಗಬೇಕು. ಇವು ಮೈಗೂಡದ ಮಗುವಿಗೆ ಮುಂದೆ ಯಾವ ಆಟದ ನಿಯಮ ಹೇಳಿಕೊಟ್ಟರೂ ಅದು ಅಂಚಿನಲ್ಲೇ ಉಳಿಯುತ್ತದೆ. ಗುರಿಯನ್ನು ಕಣ್ಣಿಗೆ ಕಾಣುವಂತೆ ಬರೆಯಬೇಕು: ‘ಎಸೆತ ಸುಧಾರಿಸುವುದು’ ಎನ್ನುವುದಕ್ಕಿಂತ ‘ಬಲಗೈಯಿಂದ ಎಸೆಯುವ ಮಗು ಎಡಗಾಲನ್ನು ಮುಂದಿಟ್ಟು ಎಸೆಯುವುದು’ ಎಂದಿದ್ದರೆ, ಅದು ಆಯಿತೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದು.

ಔಟಾದವರು ಹೊರಗೆ ಕೂರುವ ಆಟಗಳ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಆ ನಿಧಾನದ ಮಗುವೇ ಮೊದಲು ಔಟಾಗುತ್ತದೆ ಮತ್ತು ಉಳಿದವರು ಆಡುವುದನ್ನು ನೋಡುತ್ತ ಕೂರುತ್ತದೆ. ಔಟಾದವರು ಪಕ್ಕದ ಅಂಕಣದ ಆಟಕ್ಕೆ ಸೇರುವಂತೆ ನಿಯಮ ಬದಲಿಸಿದರೆ ಸಾಕು. ಅಂಗವಿಕಲ ಮಕ್ಕಳಿಗಾಗಿ ಅಂಕಣದ ಅಳತೆ, ಚೆಂಡಿನ ಗಾತ್ರ ಮತ್ತು ವೇಗವನ್ನು ಬದಲಿಸುವ ಯೋಚನೆ ಪಾಠಯೋಜನೆ ಬರೆಯುವಾಗಲೇ ಆಗಬೇಕು. ಅಂಕ ಬರೆದುಕೊಳ್ಳುವ ಕೆಲಸ ಕೊಟ್ಟು ಅವರನ್ನು ಬದಿಗೆ ಕೂರಿಸುವುದು ಸಲ್ಲದು. ಓಟವನ್ನು ಶಿಕ್ಷೆಯಾಗಿ ಕೊಡುವುದಂತೂ ಯಾವ ಕಾರಣಕ್ಕೂ ಕೂಡದು, ಏಕೆಂದರೆ ಶಿಕ್ಷೆಯಾಗಿ ಓಡಿದವರು ಸಂತೋಷಕ್ಕಾಗಿ ಓಡುವುದನ್ನು ಬಿಟ್ಟುಬಿಡುತ್ತಾರೆ.

ಪ್ರತಿ ಅವಧಿಗೆ ಮೊದಲು ಮೈದಾನದ ಕಲ್ಲು, ಗಾಜಿನ ಚೂರು, ಗುಂಡಿಗಳನ್ನು ಗಮನಿಸಬೇಕು. ನೀರು, ನೆರಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹತ್ತಿರದಲ್ಲಿರಬೇಕು.

ಮೌಲ್ಯಮಾಪನದಲ್ಲಿ ಮಗುವನ್ನು ಅದರದೇ ಹಿಂದಿನ ಸಾಧನೆಯೊಡನೆ ಹೋಲಿಸಬೇಕು. 20 ಮೀಟರ್ ಷಟಲ್ ಓಟದಂತಹ (20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಮತ್ತೆ ಮತ್ತೆ ಹೋಗಿ ಬರುವ ಓಟ) ಪರೀಕ್ಷೆಗಳನ್ನು ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ನಡೆಸಬಹುದು, ಆದರೆ ಫಲಿತಾಂಶವನ್ನು ತರಗತಿಯ ಮುಂದೆ ಓದಬಾರದು.

ಕೊನೆಯದಾಗಿ, ಮಳೆಯ ದಿನಗಳಿಗಾಗಿ ಕೊಠಡಿಯೊಳಗೇ ಮಾಡಿಸಬಹುದಾದ ಸಮತೋಲನದ ಅಭ್ಯಾಸಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೇರೆ ವಿಷಯದ ಬಾಕಿ ಪಾಠಕ್ಕೆಂದು ಬಿಟ್ಟುಕೊಟ್ಟ ಅವಧಿಗಳನ್ನು ದಿನಾಂಕ ಸಮೇತ ಒಂದು ಪುಸ್ತಕದಲ್ಲಿ ದಾಖಲಿಸಿ, ತಿಂಗಳ ಕೊನೆಗೆ ಅದನ್ನು ಮುಖ್ಯೋಪಾಧ್ಯಾಯರ ಮುಂದಿಟ್ಟು, ಅಷ್ಟೂ ಅವಧಿಗಳನ್ನು ಮುಂದಿನ ತಿಂಗಳ ವೇಳಾಪಟ್ಟಿಯಲ್ಲಿ ಮರಳಿ ಕೇಳಿ.