ನಾಲ್ಕು ವಾರಕ್ಕೋ, ಹದಿಮೂರು ವಾರಕ್ಕೋ

ಅರ್ಜಿಯಲ್ಲಿ ಆ ಪ್ರಶ್ನೆಗೆ ಇದ್ದದ್ದು ಒಂದೇ ಸಾಲು. ಪೆನ್ಷನ್ ಹಣ 4 ವಾರಕ್ಕೊಮ್ಮೆ ಬೇಕೋ, 13 ವಾರಕ್ಕೊಮ್ಮೆ ಬೇಕೋ? ನಾನು ಕಾಫಿ ಕುಡಿಯುತ್ತಲೇ 13ಕ್ಕೆ ಗುರುತು ಹಾಕಿಬಿಟ್ಟೆ. ಅರ್ಧ ನಿಮಿಷವೂ ಯೋಚಿಸಿರಲಿಲ್ಲ.

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 18 ವರ್ಷ ನರ್ಸ್ ಆಗಿದ್ದೆ. 2001ರಲ್ಲಿ ಹೋದವಳು 2019ರಲ್ಲಿ ಮೈಸೂರಿಗೆ ವಾಪಸ್ ಬಂದೆ. ಬಂದ ಮೇಲೂ ಕೆಲವು ವರ್ಷದ ನ್ಯಾಷನಲ್ ಇನ್ಶೂರೆನ್ಸ್ ಕಂತನ್ನು, ಅಂದರೆ ಅಲ್ಲಿನ ಪೆನ್ಷನ್‌ಗಾಗಿ ಸರ್ಕಾರಕ್ಕೆ ಕಟ್ಟುವ ಹಣವನ್ನು, ಇಲ್ಲಿಂದಲೇ ಕಟ್ಟಿದೆ. 2023ರಲ್ಲಿ 66 ತುಂಬಿತು, ಅಲ್ಲಿನ ಸರ್ಕಾರ ಕೊಡುವ ಸ್ಟೇಟ್ ಪೆನ್ಷನ್‌ಗೆ ಅರ್ಜಿ ಹಾಕಿದೆ. ಇದು ತಾನಾಗಿ ಬರುವ ಹಣವಲ್ಲ. ನಾವೇ ಕೇಳಬೇಕು. ವಿದೇಶದಲ್ಲಿರುವವರ ಅರ್ಜಿ ನೋಡಿಕೊಳ್ಳೋದು ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರ್. ಆಸ್ಪತ್ರೆ ನೌಕರಿಯ ಪೆನ್ಷನ್ ಬೇರೆ, ಅದು ಸಣ್ಣದು, ತಿಂಗಳು ತಿಂಗಳು ಬರುತ್ತದೆ.

ಅರ್ಜಿಯಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಬ್ಯಾಂಕ್ ವಿವರ. ಅವರು ಐಬಾನ್ ಅನ್ನೋ ಅಂತರರಾಷ್ಟ್ರೀಯ ಖಾತೆ ನಂಬರ್ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದು ಇಲ್ಲವೇ ಇಲ್ಲ. ಖಾತೆ ನಂಬರಿನ ಜೊತೆ, ವಿದೇಶದ ಹಣಕ್ಕೆ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಕೊಡಬೇಕು. ನಮ್ಮ ಬಡಾವಣೆಯ ಬ್ರಾಂಚಿಗೆ ಸ್ವಂತ ಸ್ವಿಫ್ಟ್ ಕೋಡ್ ಇರಲಿಲ್ಲ, ದೊಡ್ಡ ಬ್ರಾಂಚಿನದ್ದು ಬರೆಸಿಕೊಂಡು ಬಂದೆ. ಇದಕ್ಕೇ ಎರಡು ದಿನ ಓಡಾಡಿದ್ದರಿಂದ ಎಷ್ಟು ವಾರಕ್ಕೊಮ್ಮೆ ಅನ್ನೋದು ದೊಡ್ಡ ವಿಷಯ ಅನ್ನಿಸಲೇ ಇಲ್ಲ.

13 ವಾರ ಅಂತ ಹಾಕಿದ್ದಕ್ಕೆ ನನ್ನದೇ ಒಂದು ತರ್ಕ ಇತ್ತು. ಹಣ ಬಂದಾಗಲೆಲ್ಲ ಬ್ಯಾಂಕು ಏನಾದರೂ ಹಿಡಿಯಬಹುದು, ವರ್ಷಕ್ಕೆ 13 ಸಲಕ್ಕಿಂತ 4 ಸಲ ಹಿಡಿಯೋದು ವಾಸಿ ಅಲ್ವಾ? ಜೊತೆಗೆ ಒಟ್ಟಿಗೆ ಬಂದರೆ ಎಫ್‌ಡಿ ಮಾಡಬಹುದು ಅನ್ನೋ ಆಸೆ. ವಾರಕ್ಕೆ 110 ಪೌಂಡ್ ನನ್ನ ಪಾಲು. 4 ವಾರಕ್ಕೆ 440, 13 ವಾರಕ್ಕೆ 1430. ಹೇಗೆ ತಗೊಂಡರೂ 52 ವಾರಕ್ಕೆ 5720 ಪೌಂಡೇ. ಹಾಗಾಗಿ ವ್ಯತ್ಯಾಸ ಏನೂ ಇಲ್ಲ ಅಂದುಕೊಂಡೆ.

ಮೊದಲ ಪೆಟ್ಟು ಶುರುವಿನಲ್ಲೇ ಬಿತ್ತು. ಈ ಪೆನ್ಷನ್ ಕೊಡೋದು ಆ ಅವಧಿ ಮುಗಿದ ಮೇಲೆ. 13 ವಾರ ಅಂದರೆ 13 ವಾರ ಕಾಯಬೇಕು, ಆಮೇಲೆ ದುಡ್ಡು. ಮೂರು ತಿಂಗಳು ಉಳಿತಾಯ ಮುರಿದು ತಿಂದೆ. ಆಮೇಲೆ ಒಂದು ದಿನ ಸುಮಾರು ಒಂದೂವರೆ ಲಕ್ಷ ಖಾತೆಗೆ ಬಂತು. ಬ್ಯಾಂಕು ಒಂದು ಪೈಸೆಯೂ ಹಿಡಿದಿರಲಿಲ್ಲ. ನನ್ನ ತರ್ಕದ ಅರ್ಧ ಭಾಗ ಅಲ್ಲಿಗೇ ಬಿದ್ದುಹೋಯಿತು.

ಇನ್ನರ್ಧ ಎಫ್‌ಡಿ. ಅದು ಆಗಲೇ ಇಲ್ಲ ಅಂತ ಬೇರೆ ಹೇಳಬೇಕಾ? ದುಡ್ಡು ಬಂದ ವಾರ ಮಿಕ್ಸಿ ಹಳೇದಾಗಿ ಕಾಣುತ್ತದೆ, ಸೋದರ ಸೊಸೆಗೆ ಸೀರೆ ಕೊಡಿಸಬೇಕು ಅನ್ನಿಸುತ್ತದೆ. ಹನ್ನೊಂದನೇ ವಾರದಲ್ಲಿ ಹಾಲಿನವನಿಗೆ ಕೊಡೋಕೆ ಚಿಲ್ಲರೆ ಡಬ್ಬಿ ಹುಡುಕುತ್ತಿದ್ದೆ.

ಹಣ ರೂಪಾಯಿ ಆಗಿಯೇ ಬರುತ್ತದೆ, ಆ ಹೊತ್ತಿನ ದರದಲ್ಲಿ. ವರ್ಷಕ್ಕೆ ನಾಲ್ಕೇ ಸಲ ಅಂದರೆ ಆ ನಾಲ್ಕು ದಿನದ ದರವೇ ಇಡೀ ವರ್ಷದ ಹಣೆಬರಹ. ಪೌಂಡ್ 3 ರೂಪಾಯಿ ಇಳಿದಿದ್ದರೆ ಒಂದೇ ಏಟಿಗೆ 4290 ರೂಪಾಯಿ ಹೋಯಿತು. ಏರಿದ್ದರೆ ಲಾಭ, ಸರಿ. ಆದರೆ ಈ ವಯಸ್ಸಲ್ಲಿ ಜೂಜಾಡೋ ಮನಸ್ಸು ನನಗಿಲ್ಲ.

ಇದೆಲ್ಲ ಹೇಗೋ ಸಹಿಸಬಹುದಿತ್ತು. ನಾನು ಬದಲಾಯಿಸಿದ್ದು ಬೇರೆ ಕಾರಣಕ್ಕೆ.

ಬಾಡಿಗೆ ಮನೆ ಬಿಟ್ಟು ಕುವೆಂಪುನಗರಕ್ಕೆ ಬಂದೆವು. ಗ್ಯಾಸ್, ಆಧಾರ್, ಬ್ಯಾಂಕು ಎಲ್ಲ ಕಡೆ ವಿಳಾಸ ಬದಲಿಸಿದೆ. ಪೆನ್ಷನ್ ಕಚೇರಿಗೆ ಹೇಳೋದು ಮರೆತೆ. ವಿದೇಶದಲ್ಲಿರುವವರಿಗೆ ಅವರು ಅಂಚೆಯಲ್ಲಿ ಒಂದು ಫಾರಂ ಕಳಿಸುತ್ತಾರೆ. ಬದುಕಿದ್ದೇನೆ ಅಂತ ಸಹಿ ಹಾಕಿ, ಸಾಕ್ಷಿಯ ಸಹಿಯನ್ನೂ ಮಾಡಿಸಿ, ವಾಪಸ್ ಕಳಿಸಬೇಕು. ಕಳಿಸದಿದ್ದರೆ ಹಣ ನಿಲ್ಲುತ್ತದೆ. ನನ್ನ ಫಾರಂ ಹಳೇ ಮನೆಗೆ ಹೋಯಿತು. ಅಲ್ಲಿಂದ ಎಲ್ಲಿಗೆ ಹೋಯಿತೋ ದೇವರೇ ಬಲ್ಲ.

ಹಣ ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ. ಮೂರು ತಿಂಗಳಿಗೊಮ್ಮೆ ಬರೋ ಹಣ ತಾನೇ, ಒಂದೆರಡು ವಾರ ಹೆಚ್ಚುಕಮ್ಮಿ ಆಗಬಹುದು ಅಂತ ಸುಮ್ನೆ ಕೂತಿದ್ದೆ. ಎಚ್ಚೆತ್ತು ಫೋನ್ ಮಾಡುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಹೊಸ ಫಾರಂ ತರಿಸಿ, ನಮ್ಮ ಡಾಕ್ಟರ ಹತ್ತಿರ ಸಾಕ್ಷಿ ಸಹಿ ಮಾಡಿಸಿ ಕಳಿಸಿದೆ. "ನಾಡಿ ನೋಡಿಯೇ ಸಹಿ ಹಾಕ್ತೀನಿ ಸಿಸ್ಟರ್" ಅಂತ ಅವರು ನಕ್ಕರು. ಬಾಕಿ ಪೂರ್ತಿ ಬಂತು, ನಷ್ಟ ಆಗಲಿಲ್ಲ. ಆದರೆ 4 ವಾರಕ್ಕೊಮ್ಮೆ ಬರುತ್ತಿದ್ದರೆ ಮೊದಲ ಕಂತು ತಪ್ಪಿದಾಗಲೇ ತಿಳಿಯುತ್ತಿತ್ತು. ಆ ಫಾರಂ ಜೊತೆಯಲ್ಲೇ ಒಂದು ಪತ್ರ ಇಟ್ಟು, ಇನ್ನು ಮುಂದೆ 4 ವಾರಕ್ಕೊಮ್ಮೆ ಕೊಡಿ ಅಂತ ಕೇಳಿಕೊಂಡೆ. ಬದಲಾಯಿಸಿಕೊಟ್ಟರು.

ನನ್ನ ಅಣ್ಣ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು. ಅವನಿಗೆ ಇದೆಲ್ಲ ತಮಾಷೆ. "ನಿಂದೇನೇ ಇದು, ವಾರದ ಬಡ್ಡಿ ಲೆಕ್ಕ!" ಅನ್ನುತ್ತಾನೆ. ಅವನಿಗೆ ರಾಜ್ಯ ಸರ್ಕಾರದ ಪಿಂಚಣಿ, ತಿಂಗಳಿಗೊಮ್ಮೆ ಬರುತ್ತದೆ, ತುಟ್ಟಿಭತ್ಯೆಯೂ ಏರುತ್ತದೆ. ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರಕ್ಕೆ ಬೆರಳು ಒತ್ತಿ ಬಂದರೆ ಮುಗಿಯಿತು. ನನ್ನದು ಏರುವುದಿಲ್ಲ. 2023ರಲ್ಲಿ ಅಲ್ಲಿನ ಪೂರ್ತಿ ದರ ವಾರಕ್ಕೆ 203.85 ಪೌಂಡ್ ಇತ್ತು, 2025ಕ್ಕೆ 230.25 ಆಯಿತು. ಅಲ್ಲೇ ಉಳಿದ ಗೆಳತಿಯರಿಗೆ ಅದೇ ಪ್ರಮಾಣದಲ್ಲಿ ಏರಿತು. ಅಮೆರಿಕದಲ್ಲಿ ಇರುವವರಿಗೂ ಏರುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇದ್ದರೆ ಮೊದಲ ದಿನದ್ದೇ ಕೊನೆಯ ದಿನಕ್ಕೂ. ವಾಪಸ್ ಹೋಗಿ ಅಲ್ಲೇ ನೆಲೆಸಿದರೆ ಮಾತ್ರ ಹೊಸ ದರ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಅಲ್ಲಿ ಕಂತು ಕಟ್ಟುವಾಗ ಯಾರೂ ನನಗೆ ರಿಯಾಯಿತಿ ಕೊಟ್ಟಿರಲಿಲ್ಲ. ಮೊತ್ತ ನನ್ನ ಕೈಯಲ್ಲಿಲ್ಲ. ಎಷ್ಟು ದಿನಕ್ಕೊಮ್ಮೆ ಅನ್ನೋದಾದರೂ ಇದೆಯಲ್ಲ.

4 ವಾರದ ಲೆಕ್ಕಕ್ಕೂ ಒಂದು ಕಿರಿಕಿರಿ ಇದೆ. ಅದು ತಿಂಗಳಲ್ಲ, 28 ದಿನ. ಮಾರ್ಚ್ 20ಕ್ಕೆ ಬಂದರೆ ಮುಂದಿನದು ಏಪ್ರಿಲ್ 17, ಆಮೇಲೆ ಮೇ 15. ಹೀಗೇ ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಮೊದಮೊದಲು ನನ್ನ ಆರ್‌ಡಿ ಕಂತು ಪ್ರತಿ ತಿಂಗಳ 22ಕ್ಕೆ ಕಡಿತ ಆಗುವಂತೆ ಇಟ್ಟಿದ್ದೆ. ಕೆಲವು ತಿಂಗಳಲ್ಲೇ ಎರಡಕ್ಕೂ ತಾಳಮೇಳ ತಪ್ಪಿತು. ಈಗ ಒಂದು ಕಂತಿನಷ್ಟು ಹಣ ಯಾವಾಗಲೂ ಖಾತೆಯಲ್ಲಿ ಬಿಟ್ಟಿರುತ್ತೇನೆ, ಬಂದದ್ದನ್ನು ಮುಂದಿನ 28 ದಿನಕ್ಕೆ ಮುಟ್ಟುವುದಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಜೊತೆ ಪೆನ್ಷನ್ ದಿನಕ್ಕೂ ಕೆಂಪು ಸುತ್ತು. ಸುತ್ತು ಹಾಕಿದ ದಿನದಿಂದ ನಾಲ್ಕು ದಿನವಾದರೂ ಮೆಸೇಜ್ ಬರದಿದ್ದರೆ ಫೋನ್ ಎತ್ತಿಕೊಳ್ಳುತ್ತೇನೆ.

ಜಾರುವುದರಲ್ಲಿ ಒಂದು ಲಾಭವೂ ಇದೆ. ತಿಂಗಳು 12, ಕಂತು 13. ಯಾವುದೋ ಒಂದು ತಿಂಗಳಲ್ಲಿ ಎರಡು ಸಲ ಬರುತ್ತದೆ. ಆ ಒಂದನ್ನು ಮನೆ ಕಂದಾಯಕ್ಕೂ ಆರೋಗ್ಯ ವಿಮೆಯ ಪ್ರೀಮಿಯಂಗೂ ಎತ್ತಿಡುತ್ತೇನೆ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ, ಬಿಡೋದ್ಯಾಕೆ?

13 ವಾರವೇ ಸರಿಹೋಗುವವರೂ ಇದ್ದಾರೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಈಗ ಮಂಗಳೂರಿನಲ್ಲಿದ್ದಾರೆ. ಅವರಿಗೆ ಬರೋದು ಕಡಿಮೆ, ಅದನ್ನೂ ಇಂಗ್ಲೆಂಡಿನ ಬ್ಯಾಂಕ್ ಖಾತೆಗೇ ಹಾಕಿಸುತ್ತಾರೆ. ಮಗಳನ್ನು ನೋಡೋಕೆ ಹೋದಾಗ ಅಲ್ಲೇ ಖರ್ಚು ಮಾಡುತ್ತಾರೆ. ಅಂಥವರಿಗೆ 4 ಆದರೇನು, 13 ಆದರೇನು. ವಾರಕ್ಕೆ 5 ಪೌಂಡಿಗಿಂತ ಕಡಿಮೆ ಇರುವವರಿಗಂತೂ ಆಯ್ಕೆಯೇ ಇಲ್ಲ, ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಕೊಟ್ಟುಬಿಡುತ್ತಾರೆ.

ಈ ತಿಂಗಳ ಕ್ಯಾಲೆಂಡರಿನಲ್ಲಿ ಎರಡು ಕೆಂಪು ಸುತ್ತಿವೆ. ಅಣ್ಣನಿಗೆ ಇನ್ನೂ ಹೇಳಿಲ್ಲ.