ಅಪೆಂಡಿಕ್ಸ್ ಆಪರೇಷನ್: ಒಳಗಿನ ಹೊಲಿಗೆ ಮಾಗುವವರೆಗೆ

ಬಲಗಡೆ ಕಿಬ್ಬೊಟ್ಟೆಯ ಮೇಲೆ ಬೆರಳುದ್ದದ ಗೀರು, ಅದಕ್ಕೆ ಅಡ್ಡಲಾಗಿ ಐದಾರು ಕಪ್ಪು ನೈಲಾನ್ ಹೊಲಿಗೆ. ತೆರೆದ ಅಪೆಂಡಿಕ್ಸ್ ಆಪರೇಷನ್ ಆದವರಿಗೆ ಕಾಣುವುದು ಇಷ್ಟೇ. ಇದರ ಕೆಳಗೆ ಇನ್ನೂ ಮೂರು ಪದರಗಳಲ್ಲಿ ಹೊಲಿಗೆಯಿದೆ. ಮೇಲಿನ ದಾರ ತೆಗೆದ ಮರುದಿನವೇ ನೀರಿನ ಬಿಂದಿಗೆ ಎತ್ತುವವರಿಗೆ ಈ ಒಳಗಿನ ಲೆಕ್ಕ ಗೊತ್ತಿರಬೇಕು.

ಮುಚ್ಚುವ ಕ್ರಮ

ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1894ರಲ್ಲಿ ವಿವರಿಸಿದ ಪದ್ಧತಿಯಲ್ಲಿ ಸ್ನಾಯುಗಳನ್ನು ಅಡ್ಡಕ್ಕೆ ಕತ್ತರಿಸುವುದಿಲ್ಲ, ಎಳೆಗಳ ಜಾಡು ಹಿಡಿದು ಬಿಡಿಸುತ್ತಾರೆ. ಪದರ ಪದರದ ಎಳೆಗೂ ಬೇರೆ ದಿಕ್ಕು. ಹಾಗಾಗಿ ಹಿಡಿದೆಳೆದ ಸಲಕರಣೆ ತೆಗೆದೊಡನೆ ಅರ್ಧ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಮೊದಲು ಅಪೆಂಡಿಕ್ಸ್‌ನ ಬುಡ ಮತ್ತು ಅದರ ರಕ್ತನಾಳದ ಗಂಟು ನೋಡಿ, ರಕ್ತ ಜಿನುಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಗಾಜ್ ಬಟ್ಟೆ, ಸಲಕರಣೆಗಳ ಎಣಿಕೆ ಸರಿಯಾಗಬೇಕು. ಆಮೇಲೆ ಉದರದ ಒಳಪೊರೆಯ ಅಂಚುಗಳನ್ನು ಹಿಡಿದು, ಕೆಳಗಿನ ಕರುಳು ಸೂಜಿಗೆ ಸಿಗದಂತೆ, 2-0 ಅಥವಾ 3-0 ಅಳತೆಯ ಕರಗುವ ದಾರದಲ್ಲಿ ಸಾಲು ಹೊಲಿಗೆ. ಒಳಗಿನ ಎರಡು ಸ್ನಾಯುಗಳಿಗೆ ಒಂದೋ ಎರಡೋ ಸಡಿಲ ಹೊಲಿಗೆ ಸಾಕು. ಇಲ್ಲಿ ಗಂಟು ಬಿಗಿದರೆ ಸ್ನಾಯುವಿಗೆ ರಕ್ತ ಹೋಗದೆ ಆ ತುಣುಕು ಸಾಯುತ್ತದೆ, ಕೀವಿಗೆ ಅದೇ ನೆಲೆಯಾಗುತ್ತದೆ. ಅಂಚಿಗೆ ಅಂಚು ತಾಗಬೇಕು, ಕತ್ತು ಹಿಸುಕಬಾರದು.

ನಿಜವಾದ ಬಲ ಇರುವುದು ಹೊರ ಸ್ನಾಯುವಿನ ಬಿಳಿ ಹಾಳೆಯಲ್ಲಿ. ದೀಪದಡಿ ಅದು ರೇಷ್ಮೆಯಂತೆ ಹೊಳೆಯುತ್ತದೆ, ಎಳೆಗಳು ಜೇಬಿಗೆ ಕೈ ಹಾಕಿದಾಗ ಬೆರಳು ತೋರುವ ದಿಕ್ಕಿಗೆ ಇಳಿಯುತ್ತವೆ. ಇದನ್ನು ದಪ್ಪ ಕರಗುವ ದಾರದಿಂದ ಮುಚ್ಚುತ್ತಾರೆ. ಇದರಡಿಯಲ್ಲೇ ತೊಡೆಸಂದಿಗೆ ಹೋಗುವ ನರಗಳಿವೆ. ಹೊಲಿಗೆಯಲ್ಲಿ ನರ ಸಿಕ್ಕಿಕೊಂಡರೆ ಅಲ್ಲಿ ಉರಿ, ಜೋಮು. ನರವೇ ತುಂಡಾದರೆ ಕೆಳಗಿನ ಸ್ನಾಯು ಸೋತು ಮುಂದೆ ಹರ್ನಿಯಾ ಆಗಬಹುದು.

ಕೊಬ್ಬಿನ ಪದರವನ್ನು ಸಲೈನ್‌ನಿಂದ ತೊಳೆದು, ದಪ್ಪವಿದ್ದರೆ ಮಾತ್ರ ಒಂದೆರಡು ಹೊಲಿಗೆ ಹಾಕುತ್ತಾರೆ. ಕೊನೆಗೆ ಚರ್ಮ. ಅಪೆಂಡಿಕ್ಸ್ ಒಡೆದು ಕೀವು ಹರಡಿದ್ದರೆ ಕೆಲವೊಮ್ಮೆ ಚರ್ಮವನ್ನು ಮುಚ್ಚದೆ ಒದ್ದೆ ಗಾಜ್ ಇಟ್ಟು, ಮೂರರಿಂದ ಐದು ದಿನ ಬಿಟ್ಟು ಹೊಲಿಯುತ್ತಾರೆ. ಮನೆಯವರು ಗಾಬರಿಯಾಗಬೇಕಿಲ್ಲ, ಕೊಳೆಯನ್ನು ಒಳಗಿಟ್ಟು ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಮನೆಯಲ್ಲಿ

ಆಪರೇಷನ್ ಆದ ಸಂಜೆಯೋ ಮರುದಿನವೋ ಎದ್ದು ನಡೆಯಬೇಕು. ನೇರವಾಗಿ ಏಳಬೇಡಿ: ಮಗ್ಗುಲಾಗಿ, ಕಾಲು ಕೆಳಗೆ ಇಳಿಬಿಟ್ಟು, ಕೈ ಊರಿ ಏಳಿ. ಕೆಮ್ಮು ಬಂದರೆ ಮಡಚಿದ ಟವೆಲ್ ಅಥವಾ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ.

ವೈದ್ಯರು ಕುಡಿಯಲು ಹೇಳಿದ ಮೇಲೆ ನೀರು, ಗಂಜಿ, ಆಮೇಲೆ ಇಡ್ಲಿ, ಮೆತ್ತಗಿನ ಅನ್ನ. ಬೇಳೆ, ಮೊಟ್ಟೆ, ಬದನೆಕಾಯಿ ನಂಜು, ಗಾಯ ಕೀವಾಗುತ್ತದೆ ಎಂದು ಹಿರಿಯರು ತಡೆಯುವುದುಂಟು. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು, ಬೇಳೆ ಮೊಟ್ಟೆ ನಿಲ್ಲಿಸುವುದರಿಂದ ನಷ್ಟ ರೋಗಿಗೇ. ಮಲಬದ್ಧತೆ ಆಗದಂತೆ ನೀರು, ಹಣ್ಣು ಹೆಚ್ಚಿರಲಿ, ಮಲಕ್ಕೆ ಹೋದಾಗ ತಿಣುಕುವುದು ಒಳಹೊಲಿಗೆಗೆ ಹೊರೆ.

ಡ್ರೆಸ್ಸಿಂಗ್ ಎರಡು ದಿನ ಹಾಗೇ ಇರಲಿ. ಆಮೇಲೆ ವೈದ್ಯರ ಒಪ್ಪಿಗೆಯಿದ್ದರೆ ಸ್ನಾನ ಮಾಡಿ, ಶುಭ್ರ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಅರಿಸಿನ, ಕೊಬ್ಬರಿ ಎಣ್ಣೆ, ಪೌಡರ್ ಹಚ್ಚಬೇಡಿ. ನೈಲಾನ್ ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ತೆಗೆಯುತ್ತಾರೆ.

ಗಾಯ ಕೀವಾಗುವುದು ಹೆಚ್ಚಾಗಿ ಮೊದಲ ವಾರದ ಕೊನೆಯ ಹೊತ್ತಿಗೆ. ಇಳಿಯುತ್ತಿದ್ದ ನೋವು ಮತ್ತೆ ಏರಿ ಮಿಡಿಯತೊಡಗಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಒಂದೆರಡು ಹೊಲಿಗೆ ಬಿಚ್ಚಿ ಕೀವು ಹೊರಬಿಡಬೇಕಾಗುತ್ತದೆ. ಬರೀ ಆಂಟಿಬಯೋಟಿಕ್ ಮಾತ್ರೆ ನುಂಗಿ ಕಾಯುವುದು ತಪ್ಪು. ಗಾಯ ಚೆನ್ನಾಗಿಯೇ ಕಂಡರೂ ಜ್ವರ ಬಂದು, ಲೋಳೆ ಲೋಳೆಯಾಗಿ ಪದೇ ಪದೇ ಭೇದಿ, ಉರಿಮೂತ್ರ ಶುರುವಾದರೆ ಕಿಬ್ಬೊಟ್ಟೆಯ ತಳದಲ್ಲಿ ಕೀವು ಕಟ್ಟಿರಬಹುದು. ಇದನ್ನು ಮಾಮೂಲಿ ಭೇದಿಯೆಂದು ಮದ್ದು ಕೊಟ್ಟು ದಿನ ಕಳೆಯಬೇಡಿ. ವಾಂತಿ ನಿಲ್ಲದೆ ಹೊಟ್ಟೆ ಉಬ್ಬಿದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಭಾರದ ಮಾತು. ಮೂರನೇ ವಾರದಲ್ಲಿ ಕೂಡಿದ ಗಾಯಕ್ಕೆ ಮೂಲ ಬಲದ ಸುಮಾರು ಐದನೇ ಒಂದು ಪಾಲು ಮಾತ್ರ ಇರುತ್ತದೆ. ವಿಕ್ರಿಲ್‌ನಂಥ ಕರಗುವ ದಾರವೂ ಅಷ್ಟರಲ್ಲಿ ಬಿಗಿ ಕಳೆದುಕೊಳ್ಳತೊಡಗುತ್ತದೆ. ಅದಕ್ಕೇ ಕುರ್ಚಿ ಕೆಲಸಕ್ಕೆ ಎರಡು ವಾರದಲ್ಲಿ ಹೋದರೂ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ತುಂಬಿದ ಕೊಡದ ತಂಟೆ ಆರು ವಾರ ಬೇಡ. ಕೀವಾಗಿದ್ದವರಿಗೆ ಅವಧಿ ಇನ್ನೂ ಹೆಚ್ಚು.

ಹೊಲಿಗೆ ತೆಗೆಸಲು ಹೋದಾಗ, ತೆಗೆದ ಅಪೆಂಡಿಕ್ಸನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಬಯಾಪ್ಸಿ ವರದಿ ಕೇಳಿ ಪಡೆಯಿರಿ. ಅಪರೂಪಕ್ಕೆ ಅಪೆಂಡಿಕ್ಸ್‌ನಲ್ಲಿ ಗೆಡ್ಡೆ ಅಡಗಿರುತ್ತದೆ, ಅದು ಗೊತ್ತಾಗುವುದು ಆ ಕಾಗದದಿಂದಲೇ.