ಮಿಲಿಟರಿ ಲಾರಿಯ ಮುಂದಿನ ಬೂಟು ಬದಲಿಸಿದ್ದು: ನನ್ನ ಅನುಭವ

ನಮ್ಮದು ಪಾಂಡವಪುರದ ಕಡೆ, ನಾಲೆಯ ಕೆಳಗಿನ ಗದ್ದೆ. ವರ್ಷದಲ್ಲಿ ಬಹಳ ದಿನ ತೇವ ಆರುವುದಿಲ್ಲ. ಕಬ್ಬು ಕಡಿಯುವ ಹೊತ್ತಿನಲ್ಲೂ ಕಾಲಿಟ್ಟರೆ ಕೆಸರು. ಅಂಥ ಗದ್ದೆಯಿಂದ ಕಬ್ಬು ಹೊರಗೆ ತರಬೇಕು ಅಂತಲೇ ನಾನು ಮಿಲಿಟರಿ ಡಿಸ್ಪೋಸಲ್ ಲಾರಿ, ಅಂದರೆ ಸೈನ್ಯ ಬಳಸಿ ಮಾರಿದ ಲಾರಿ ತಗೊಂಡಿದ್ದು. ನಾಲ್ಕು ಚಕ್ರಕ್ಕೂ ಪವರ್ ಇದೆ. ಬೇರೆ ಲಾರಿ ಹೂತು ನಿಂತ ಕಡೆ ಇದು ನಿಧಾನಕ್ಕೆ ಹತ್ತಿ ಬರುತ್ತದೆ.

ಊರಲ್ಲಿ ಎಲ್ಲರೂ ಇದನ್ನು ಶಕ್ತಿಮಾನ್ ಅಂತಾರೆ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಲಾರಿಗೆ ಆ ಹೆಸರು. ನನ್ನದರಲ್ಲಿ ಚಾಸಿ ಒಂದು ಕಡೆಯದು, ಇಂಜಿನ್ ಇನ್ನೊಂದು ಕಡೆಯದು, ಮುಂದಿನ ಎಕ್ಸೆಲ್ ಯಾವುದೋ ಮೂರನೇ ಗಾಡಿಯದು. ಡಿಸ್ಪೋಸಲ್ ಗಾಡಿ ನಾಲ್ಕು ಕೈ ದಾಟಿ ಬಂದರೆ ಹಾಗೇ ಆಗುತ್ತದೆ. ಅದಕ್ಕೇ ಅಂಗಡಿಗೆ ಹೋಗಿ ಮಾಡೆಲ್ ಹೆಸರು ಹೇಳಿ ಬೂಟು ಕೇಳುವ ಹಾಗಿರಲಿಲ್ಲ. ಎಲ್ಲಕ್ಕೂ ಅಳತೆಯೇ ಗತಿ.

ಬೂಟು ಎಂದರೆ ಏನು ಅಂತ ಹೇಳಿಬಿಡುತ್ತೇನೆ. ಇಂಥ ಲಾರಿಯ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಬೇಕು, ಜೊತೆಗೆ ಎಳೆಯಲೂ ಬೇಕು. ಹಾಗಾಗಿ ಶಾಫ್ಟಿನ ತುದಿಯಲ್ಲಿ ಬಾಗುವ ಜಾಯಿಂಟ್ ಇರುತ್ತದೆ. ನನ್ನದರಲ್ಲಿ ಆರು ಉಕ್ಕಿನ ಗುಂಡುಗಳ ಜಾಯಿಂಟ್. ಅದು ಸದಾ ಗ್ರೀಸಿನಲ್ಲಿ ಮುಳುಗಿರಬೇಕು. ಗ್ರೀಸ್ ಹೊರಗೆ ಬಾರದಂತೆ, ಕೆಸರು ಒಳಗೆ ಹೋಗದಂತೆ ಸುತ್ತಲೂ ಒಂದು ದಪ್ಪ ರಬ್ಬರ್ ಚೀಲ ಇರುತ್ತದೆ. ಅದೇ ಬೂಟು. ಒಳಗಿನ ಬಾಯಿ ಎಕ್ಸೆಲ್ ಹೌಸಿಂಗಿಗೆ, ಅಂದರೆ ಎಕ್ಸೆಲಿನ ಹೊರಕವಚಕ್ಕೆ, ಕ್ಲಿಪ್ಪಿನಿಂದ ಬಿಗಿದಿರುತ್ತದೆ. ಹೊರಗಿನ ಬಾಯಿ ರಿಂಗು, ಬೋಲ್ಟುಗಳಿಂದ ಚಕ್ರದ ಜೊತೆ ತಿರುಗುವ ಭಾಗಕ್ಕೆ ಕೂತಿರುತ್ತದೆ, ಆ ಭಾಗಕ್ಕೆ ನಕಲ್ ಅಂತಾರೆ. ಅಗ್ಗದ ವಸ್ತು. ಅದು ಕಾಯುವ ಜಾಯಿಂಟ್ ಮಾತ್ರ ಹೋದರೆ ಮತ್ತೆ ಹುಡುಕಿ ತರುವಷ್ಟರಲ್ಲಿ ಒಂದು ಸೀಸನ್ನೇ ಮುಗಿಯುತ್ತದೆ.

ಎಡಗಡೆಯ ಬೂಟು ಹರಿದದ್ದು ಗೊತ್ತಾದದ್ದು ಶಬ್ದದಿಂದ. ಪೂರ್ತಿ ಸ್ಟೇರಿಂಗ್ ತಿರುಗಿಸಿ ಲೋಡು ಎಳೆಯುವಾಗ ಕಟಕಟ ಅನ್ನುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಬೂಟಿನ ತಳದಲ್ಲಿ ಒಂದು ಗೇಣು ಸೀಳಿತ್ತು. ಗ್ರೀಸು ಕೆಸರು ಕಲಸಿ ಕಪ್ಪು ಹಿಟ್ಟಿನ ಹಾಗೆ ಆಗಿತ್ತು. ಕೂಳೆ ಕಬ್ಬಿನ ಗದ್ದೆಯಲ್ಲಿ ಓಡಾಡುವ ಗಾಡಿ. ಓರೆಯಾಗಿ ಕಡಿದ ಕೂಳೆಯ ಮೊನೆ ಚಾಕುವಿನಷ್ಟೇ ಚೂಪು. ಅದೇ ಚುಚ್ಚಿ ಹರಿದಿದೆ ಅಂದುಕೊಂಡೆ. ಈ ತಪ್ಪು ಲೆಕ್ಕದಿಂದಲೇ ನಾನು ಒಂದೇ ಕೆಲಸವನ್ನು ಮೂರು ಸಲ ಮಾಡಬೇಕಾಯಿತು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಲಾರಿಯ ಹಳೇ ಟ್ಯೂಬ್ ಕತ್ತರಿಸಿ, ಎರಡು ಸುತ್ತು ಸುತ್ತಿ, ತಂತಿ ಬಿಗಿದೆ. ಇಪ್ಪತ್ತು ದಿನಕ್ಕೆ ಟ್ಯೂಬು ಜೋತುಬಿತ್ತು. ಗಾಳಿ ಹಿಡಿದಿಡಲು ಆ ರಬ್ಬರ್ ಚೆನ್ನ, ಆದರೆ ಎಣ್ಣೆ ತಗುಲಿದರೆ ಊದುತ್ತದೆ.

ಎರಡನೇ ಸಲ ಸೀಳಿದ ಬೂಟು, ಅಂದರೆ ಮೊದಲೇ ಸೀಳಿಟ್ಟು ಸುತ್ತಿದ ಮೇಲೆ ಮುಚ್ಚುವಂಥದ್ದು, ಹಾಕಿದೆ. ಇದೇನೂ ಕಳ್ಳದಾರಿ ಅಲ್ಲ. ಅಮೆರಿಕದ ಸೈನ್ಯದ ಎರಡೂವರೆ ಟನ್ನಿನ ಎಂ35 ಲಾರಿಗೂ ಬೂಟು ಎರಡು ಥರ ಸಿಗುತ್ತದೆ. ಒಂದು ಇಡಿಯಾದದ್ದು, ಇನ್ನೊಂದು ಸೀಳಿ ಜಿಪ್ ಕೂರಿಸಿದ್ದು. ಸೀಳಿದ್ದಾದರೆ ಚಕ್ರ, ಚಕ್ರ ಕೂರುವ ಹಬ್ ಯಾವುದನ್ನೂ ಪೂರ್ತಿ ಬಿಚ್ಚದೆ ಹೊರಗಿನಿಂದಲೇ ಸುತ್ತಿ ಕೂರಿಸಬಹುದು. ನನಗೆ ಒಂದು ಅಂಗಡಿಯವರು ಸೀಳಿದ ಬೂಟು, ಅಂಟಿಸುವ ಗೋಂದು ಎರಡನ್ನೂ ಕೊಟ್ಟರು. ಒಳ್ಳೇ ರಬ್ಬರ್ ಅಂದರು, ನಂಬಿದೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಎರಡು ತಿಂಗಳಿಗೆ ಅಂಟಿಸಿದ ಜಾಗ ಬಾಯಿ ಬಿಟ್ಟಿತು. ಹೊರಗಿನಿಂದ ಏನೂ ತಗುಲಿದ ಗುರುತಿಲ್ಲ. ಒಳಗಿನಿಂದ ಯಾರೋ ಊದಿ ಒಡೆದ ಹಾಗಿತ್ತು. ಒಸರುತ್ತಿದ್ದದ್ದು ಬರೀ ಗ್ರೀಸಲ್ಲ, ತೆಳ್ಳಗಿನ ಎಣ್ಣೆಯೂ ಇತ್ತು. ಬೂಟಿನೊಳಗೆ ಎಣ್ಣೆ ಎಲ್ಲಿಂದ ಬಂತು?

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವರು. ಅವರನ್ನು ಕರೆದುಕೊಂಡು ಬಂದೆ. ಅವರು ಬೂಟಿನ ಕಡೆ ನೋಡಲೇ ಇಲ್ಲ. ಎಕ್ಸೆಲ್ ಹೌಸಿಂಗಿನ ಮೇಲ್ಗಡೆ ಕೈಯಾಡಿಸಿ, ಕೆಸರು ಕೆರೆದು, ಒಂದು ಸಣ್ಣ ಟೋಪಿಯಂಥ ಭಾಗ ಬಿಚ್ಚಿ ಕೈಗೆ ಕೊಟ್ಟರು.

"ಊದು ನೋಡವ."

ಊದಿದೆ. ಗಾಳಿ ಆಚೆ ಹೋಗಲಿಲ್ಲ.

"ಇದರ ಉಸ್ರು ಕಟ್ಕಂಡದೆ ಕಣ್ಲಾ. ನೀನು ಎಷ್ಟು ಬೂಟು ಹಾಕುದ್ರೂ ಅಷ್ಟೇಯ" ಅಂದರು.

ಅದು ಬ್ರೀದರ್. ಗಾಡಿ ಓಡುವಾಗ ಎಕ್ಸೆಲ್ ಒಳಗಿನ ಗೇರ್ ಆಯಿಲ್ ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗಬೇಕು. ಅದು ಕಟ್ಟಿದ್ದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ. ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಆಯಿಲ್ ಸೀಲ್ ದಾಟಿ ಎಣ್ಣೆ ಬೂಟಿಗೆ ನುಗ್ಗುತ್ತದೆ. ಗ್ರೀಸು ತೆಳುವಾಗುತ್ತದೆ, ರಬ್ಬರ್ ಮೆತ್ತಗಾಗುತ್ತದೆ, ಬೂಟು ಊದಿಕೊಳ್ಳುತ್ತದೆ. ಆಮೇಲೆ ಹರಿಯಲು ಕೂಳೆಯೇ ಬೇಕು ಅಂತಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಬಿಸಿ ಎಕ್ಸೆಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಎಳೆತ ಹುಟ್ಟುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ಸಂದಿಯಿಂದ, ಹರಿದ ಬೂಟಿನಿಂದ ಕೆಸರು ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ಸಲ ಬೂಟು ಬದಲಿಸಿದರೂ ಒಂದು ಸಲವೂ ನಾನು ಡ್ರೈನ್ ಬೋಲ್ಟ್ ಬಿಚ್ಚಿ ಎಣ್ಣೆ ನೋಡಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೇ ಸಲ ಇಡೀ ಬೂಟೇ ಹಾಕುವುದು ಅಂತ ತೀರ್ಮಾನ ಮಾಡಿದೆ. ಅಳತೆ ತೆಗೆಯಲು ಒಂದು ದಿನ ಹಿಡಿಯಿತು. ಹೌಸಿಂಗಿನ ದಪ್ಪ, ಹೊರಗಿನ ರಿಂಗಿನ ಅಗಲ, 12 ಬೋಲ್ಟುಗಳ ನಡುವಿನ ಅಂತರ, ಇಷ್ಟು ಸುಲಭ. ಮುಖ್ಯವಾದ ಅಳತೆ ಬೇರೆ. ಚಕ್ರ ನೇರ ಇದ್ದಾಗ ಎರಡು ಬಾಯಿಗಳ ನಡುವೆ ಎಷ್ಟು, ಪೂರ್ತಿ ತಿರುಗಿಸಿದಾಗ ಹಿಗ್ಗುವ ಕಡೆ ಎಷ್ಟು, ಕುಗ್ಗುವ ಕಡೆ ಎಷ್ಟು ಅಂತ ನೋಡಬೇಕು. ನೇರ ಇದ್ದಾಗಿನ ಅಳತೆಗೇ ಬೂಟು ಮಾಡಿಸಿದರೆ ಮೊದಲ ತಿರುವಿನಲ್ಲೇ ಎಳೆದುಕೊಂಡು ಕ್ಲಿಪ್ಪಿನಿಂದ ಜಾರುತ್ತದೆ.

ಆ ಅಳತೆ ಹಿಡಿದು ಮೈಸೂರಿಗೆ ಹೋದೆ. ಹೆಬ್ಬಾಳ, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ಸುತ್ತಾಡಿದರೆ ರಬ್ಬರ್ ಅಚ್ಚು ಹಾಕುವವರು ಸಿಗುತ್ತಾರೆ. ಟೈರು ತಯಾರಿಸಿದ ಊರು ಅದು, ರಬ್ಬರ್ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅಂಥ ಒಬ್ಬರು ನನಗೆ ಒಂದು ಪಾಠ ಹೇಳಿಕೊಟ್ಟರು. ಮೂರು ಥರದ ರಬ್ಬರ್ ಚೂರು ಕೊಟ್ಟು, "ಸುಮ್ನೆ ನನ್ನ ಮಾತು ನಂಬಬೇಡಿ. ಮನೆಗೆ ತಗೊಂಡು ಹೋಗಿ ಗೇರ್ ಆಯಿಲಲ್ಲಿ ನೆನೆಹಾಕಿ ನೋಡಿ" ಅಂದರು. ಮೂರು ದಿನ ಬಾಟಲಿಯಲ್ಲಿ ಹಾಕಿಟ್ಟೆ. ಮಾಮೂಲಿ ರಬ್ಬರ್ ಊದಿ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವ ಹಾಗಾಯಿತು. ನೈಟ್ರೈಲ್ ಹಾಗೇ ಇತ್ತು. ನಿಯೋಪ್ರೀನ್ ತುಸು ಮಾತ್ರ ಊದಿತ್ತು. ಎರಡನೇ ಸಲ ಹಾಕಿದ್ದ ಸೀಳು ಬೂಟಿನ ಚೂರನ್ನೂ ಜೊತೆಗೆ ಹಾಕಿದ್ದೆ. ಅದೂ ಮಾಮೂಲಿ ರಬ್ಬರ್ ಥರವೇ ಊದಿತು.

ಆ ಹಿರಿಯರು ನಿಯೋಪ್ರೀನೇ ಹಾಕಿಸಿ ಅಂದರು. ನೈಟ್ರೈಲ್ ಯಾಕೆ ಬೇಡ ಅಂತ ಕೇಳಿದೆ. ಎಣ್ಣೆಗೆ ಅದೇ ಗಟ್ಟಿ, ಆದರೆ ಬಿಸಿಲು ಗಾಳಿಗೆ ಬಿರುಕು ಬಿಡುತ್ತದಂತೆ. ನಿಯೋಪ್ರೀನ್ ಎರಡನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಒಳಗೆ ಬಟ್ಟೆಯ ಪದರ ಕೊಟ್ಟು ನಿಯೋಪ್ರೀನಿನಲ್ಲೇ ಎರಡು ಬೂಟು ಮಾಡಿಸಿದೆ. ಬಲಗಡೆಯದು ಇನ್ನೂ ಹರಿದಿರಲಿಲ್ಲ. ಆದರೂ ಅಚ್ಚು ಒಂದು ಸಲ ಮಾಡಿಸಿದ ಮೇಲೆ ಜೋಡಿಯೇ ತಗೊಳ್ಳುವುದು ಲಾಭ.

ಇನ್ನು ಬಿಚ್ಚುವ ಕೆಲಸ. ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ. ಎಕ್ಸೆಲ್ ಕೆಳಗೆ ಜಾಕಿ ಕೊಟ್ಟು ಎತ್ತಿ, ದಪ್ಪ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಜೋಡಿಸಿದೆ. ಬರೀ ಜಾಕಿಯ ಮೇಲೆ ನಿಂತ ಇಂಥ ಗಾಡಿಯ ಕೆಳಗೆ ದಯವಿಟ್ಟು ತಲೆ ಹಾಕಬೇಡಿ. ಚಕ್ರ ತೆಗೆದ ಮೇಲೆ ಹಬ್ಬಿನ ಮುಖದ ಫ್ಲಾಂಜ್, ಲಾಕ್ ನಟ್, ವಾಷರ್, ಒಳಗಿನ ನಟ್, ಹೊರಗಿನ ಬೇರಿಂಗ್ ಇವನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಜೋಡಿಸಿಟ್ಟೆ. ಹಬ್ಬು ಡ್ರಮ್ಮು ಒಟ್ಟಿಗೆ ಬರುತ್ತವೆ, ಒಬ್ಬರ ಕೈಯಲ್ಲಿ ಆಗುವ ಭಾರವಲ್ಲ. ಅವುಗಳ ಕೆಳಗೆ ಗ್ರೀಸು ಸವರಿದ ತಗಡು ಇಟ್ಟು, ಎಕ್ಸೆಲನ್ನು ಡ್ರಮ್ಮು ತಗಡಿಗೆ ತಾಗುವಷ್ಟಕ್ಕೆ ಇಳಿಸಿದೆ. ಆಮೇಲೆ ಡ್ರಮ್ಮನ್ನು ಎತ್ತುವ ಬದಲು ಜಾರಿಸಿಯೇ ಹೊರಗೆ ಎಳೆದೆವು. ವಾಪಸ್ ಕೂರಿಸುವಾಗ ಈ ತಗಡು ಇನ್ನೂ ಜಾಸ್ತಿ ಉಪಯೋಗಕ್ಕೆ ಬಂತು.

ಬ್ರೇಕ್ ಪ್ಲೇಟನ್ನು ಬಿಚ್ಚಿ, ಪೈಪು ಎಳೆಯದ ಹಾಗೆ ತಂತಿಯಿಂದ ಚಾಸಿಗೆ ಕಟ್ಟಿ ತೂಗುಹಾಕಿದೆ. ಆಮೇಲೆ ಸ್ಪಿಂಡಲ್, ಅಂದರೆ ಹಬ್ಬು ಕೂರುವ ಟೊಳ್ಳು ಕೊಳವೆ. ಅದು ತುಕ್ಕು ಹಿಡಿದು ಅಂಟಿಕೊಂಡಿತ್ತು. ರಾತ್ರಿಯೆಲ್ಲ ಡೀಸೆಲ್ ಬಿಟ್ಟು ನೆನೆಸಿ, ಬೆಳಿಗ್ಗೆ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿದ ಮೇಲೆ ಬಿಟ್ಟಿತು. ಕಬ್ಬಿಣದ ಸುತ್ತಿಗೆ ಹಾಕಿದರೆ ಥ್ರೆಡ್ ಹಾಳು. ನಂತರ ಶಾಫ್ಟು ಜಾಯಿಂಟ್ ಸಮೇತ ಹೊರಬಂತು. ಟೈ ರಾಡ್ ಬಿಡಿಸಿ, ನಕಲ್ ತಿರುಗುವ ಗೂಟವಾದ ಕಿಂಗ್ ಪಿನ್ನಿನ ಮೇಲಿನ ಕೆಳಗಿನ ಮುಚ್ಚಳ ತೆಗೆದು ನಕಲ್ಲನ್ನು ಬಿಡಿಸಿದೆ. ಆ ಮುಚ್ಚಳಗಳ ಅಡಿ ಸಂದಿ ಸರಿಮಾಡುವ ತೆಳ್ಳಗಿನ ಶಿಮ್‌ಗಳಿರುತ್ತವೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ, ಬೇರೆ ಬೇರೆ ದಾರದಲ್ಲಿ ಪೋಣಿಸಿ ಚೀಟಿ ಕಟ್ಟಿದೆ. ಅವು ಕಲಸಿಹೋದರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಇಲ್ಲವೇ ಚಕ್ರ ಅಲ್ಲಾಡುತ್ತದೆ.

ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದೆ. ಗುಂಡು ಓಡುವ ಕಾಲುವೆಯಲ್ಲಿ ಉಗುರು ಆಡಿಸಿ ನೋಡಿದೆ. ಒಂದು ಕಡೆ ಸಣ್ಣ ಕುಳಿ ಬಿದ್ದಿತ್ತು. ಕಟಕಟ ಶಬ್ದ ಅದರದ್ದೇ. ಬದಲಿ ಜಾಯಿಂಟ್ ಸಿಗುವವರೆಗೆ ಅದನ್ನೇ ಓಡಿಸುವುದು ಅಂತಾಯಿತು. ಮೊದಲ ಸಲವೇ ಸರಿಯಾಗಿ ನೋಡಿದ್ದರೆ ಆ ಕುಳಿ ಆಗಲೇ ಕಾಣುತ್ತಿತ್ತು.

ಹಳೇ ಆಯಿಲ್ ಸೀಲ್ ಕಿತ್ತು ಹೊಸದು ಕೂರಿಸಿದೆ. ಸೀಲಿನ ತುಟಿ ಎಣ್ಣೆ ಇರುವ ಕಡೆಗೆ, ಅಂದರೆ ಗಾಡಿಯ ನಡುವಿನ ಕಡೆಗೆ ನೋಡಬೇಕು. ತುಟಿಗೆ ಗ್ರೀಸು ಸವರಿ, ಮೇಲೆ ಸಮನಾದ ಮರದ ಚಕ್ಕೆ ಇಟ್ಟು ತಟ್ಟಬೇಕು. ಓರೆಯಾದರೆ ಮೊದಲ ದಿನವೇ ಸೋರುತ್ತದೆ.

ಹೊಸ ಬೂಟಿನ ಒಳಬಾಯಿ ಹೌಸಿಂಗಿನ ತುದಿ ದಾಟಲು ಹಟ ಮಾಡಿತು. ಬಿಸಿಲಿಗೆ ಅರ್ಧ ಗಂಟೆ ಇಟ್ಟು, ಸೋಪಿನ ನೀರು ಸವರಿದ ಮೇಲೆ ಜಾರಿ ಕೂತಿತು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಯವಾದರೂ ಅಲ್ಲಿಂದಲೇ ಹರಿಯುತ್ತದೆ. ನಕಲ್, ಶಾಫ್ಟು ಎಲ್ಲ ವಾಪಸ್ ಕೂರಿಸಿ, ಜಾಯಿಂಟಿಗೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸನ್ನು ಕೈಯಿಂದಲೇ ಗುಂಡುಗಳ ನಡುವೆ ಒತ್ತಿ ತುಂಬಿದೆ. ಬೂಟನ್ನು ಮಾತ್ರ ಪೂರ್ತಿ ತುಂಬಲಿಲ್ಲ. ಗ್ರೀಸು ಹಿಗ್ಗಲು ಜಾಗ ಬೇಕು.

ಕ್ಲಿಪ್ಪು, ರಿಂಗಿನ ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಹಿಡಿಸಿದೆ. ನಕಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನಕ್ಕೆ ನಾಲ್ಕೈದು ಸಲ ತಿರುಗಿಸಿದೆವು. ಚಿಕ್ಕಪ್ಪನ ಮಗ ತಿರುಗಿಸಿದ, ನಾನು ಕೆಳಗೆ ಟಾರ್ಚ್ ಹಿಡಿದು ಮಡಿಕೆ ನೋಡಿದೆ. ಒಂದು ಮಡಿಕೆ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಬೂಟನ್ನು ಒಂದೇ ಒಂದು ಬೋಲ್ಟಿನಷ್ಟು ಸುತ್ತಿಸಿ ಕೂರಿಸಿದೆ, ಸರಿಯಾಯಿತು. ಆಮೇಲೆಯೇ ಬಿಗಿ ಮಾಡಿದೆ. ಎದುರುಬದುರು ಬೋಲ್ಟು, ಸ್ವಲ್ಪ ಸ್ವಲ್ಪವೇ. ರಬ್ಬರ್ ರಿಂಗಿನ ಅಂಚಿನಿಂದ ಉಬ್ಬಿ ಬಂದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ.

ಬೇರಿಂಗ್ ನಟ್ಟನ್ನು ಹಬ್ಬು ತಿರುಗಿಸುತ್ತಲೇ ಬಿಗಿದು, ಸ್ವಲ್ಪ ಹಿಂದಕ್ಕೆ ಬಿಟ್ಟು, ಲಾಕ್ ಮಾಡಿದೆ. ಉಳಿದದ್ದು ಬಿಚ್ಚಿದ್ದನ್ನೇ ಹಿಂದಿನಿಂದ ಜೋಡಿಸುವುದು. ಎಡಗಡೆಗೆ ಎರಡು ದಿನ ಬೇಕಾಯಿತು. ಬಲಗಡೆ ಒಂದೇ ದಿನದಲ್ಲಿ ಮುಗಿಯಿತು.

ಬ್ರೀದರ್ ಸುಮ್ನೆ ತೊಳೆದು ಹಾಕಲಿಲ್ಲ. ಅದರ ಜಾಗಕ್ಕೆ ಒಂದು ನಿಪ್ಪಲ್ ಹಾಕಿಸಿ, ಎಣ್ಣೆ ತಡೆಯುವ ಪೈಪು ಜೋಡಿಸಿ, ಚಾಸಿಯ ಉದ್ದಕ್ಕೆ ಕಟ್ಟಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಒಯ್ದೆ. ಚಕ್ರ ತಿರುಗುವಾಗ ಎಳೆಯದಷ್ಟು ಸಡಿಲ ಬಿಟ್ಟಿದ್ದೇನೆ. ತುದಿಯನ್ನು ಕೆಳಕ್ಕೆ ಬಗ್ಗಿಸಿ, ಅದಕ್ಕೆ ಬ್ರೀದರ್ ಸಿಕ್ಕಿಸಿದ್ದೇನೆ. ಈಗ ಎಕ್ಸೆಲ್ ಮುಳುಗುವಷ್ಟು ನೀರಿಗೆ ಇಳಿದರೂ ಅದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಿಂದಿನ ಎಕ್ಸೆಲಿಗೂ ಹಾಗೇ ಮಾಡಿದೆ. ಬೂಟಿಗೆ ಕೊಟ್ಟ ದುಡ್ಡಿಗೆ ಹೋಲಿಸಿದರೆ ಪೈಪಿನದು ಏನೂ ಅಲ್ಲ.

ಮೊದಲ ಎರಡು ಲೋಡು ಆದ ಮೇಲೆ ಕ್ಲಿಪ್ಪು ಅರ್ಧ ಸುತ್ತು ಸಡಿಲವಾಗಿತ್ತು. ಮತ್ತೆ ಬಿಗಿದೆ. ಆಮೇಲೆ ಅಲ್ಲಾಡಿಲ್ಲ. ಈ ಸಲ ಕಬ್ಬಿನ ಕೆಲಸ ಮುಗಿದ ಮೇಲೆ ಎಡಗಡೆಯ ರಿಂಗು ಸಡಿಲಿಸಿ, ಬೂಟಿನ ಅಂಚು ಎತ್ತಿ ಬೆರಳು ಹಾಕಿ ನೋಡಿದೆ. ಗ್ರೀಸು ಕಪ್ಪಗೆ, ಗಟ್ಟಿಯಾಗಿಯೇ ಇತ್ತು. ಮರಳಿನ ಗರಗರ ಇಲ್ಲ, ಎಣ್ಣೆಯ ಜಿಡ್ಡಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ತಾವೂ ಬೆರಳು ಹಾಕಿ, ಉಜ್ಜಿ ನೋಡಿ, "ಮುಚ್ಚು, ಧೂಳು ಬೀಳ್ತದೆ" ಅಂದರು. ಮುಚ್ಚಿ ಬಿಗಿದೆ.